ಒಟಿಪಿ ಕೊಟ್ಟವರದ್ದೇ ತಪ್ಪೇ?

ಮುಖಪುಟ ವಿಶೇಷ

ಸೈಬರ್ ವಂಚನೆಗೆ ಸಿಕ್ಕವರಿಗೆ ಮೊದಲು ಸಿಗುವುದು ಬೈಗುಳ, ಆಮೇಲೆ ಉಪದೇಶ. ಆದರೆ ನಮ್ಮ ಕಾನೂನು ಹೊಣೆಯನ್ನು ಖಾತೆದಾರರ ತಲೆಗೆ ಮಾತ್ರ ಕಟ್ಟಿಲ್ಲ. ಬ್ಯಾಂಕು, ಕಂಪನಿ, ಪೊಲೀಸ್, ಸರ್ಕಾರ, ಎಲ್ಲರಿಗೂ ಪಾಲು ಹಂಚಿದೆ. ಹರಿಹರ ತಾಲ್ಲೂಕಿನ ಭಾನುವಳ್ಳಿಯಂಥ ಊರಿಗೆ ಆ ಪಾಲುಪಟ್ಟಿ ಮಾತ್ರ ಇನ್ನೂ ತಲುಪಿಲ್ಲ.

ನ್ಯಾಮತಿಯಲ್ಲಿ ಯಾರೂ ಕೇಳದ ಪ್ರಶ್ನೆ

2024ರ ಅಕ್ಟೋಬರ್ ಕೊನೆಯ ವಾರ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕಳ್ಳರು ನುಗ್ಗಿದರು. ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದು, ಜನ ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಚಿನ್ನ ಹೊತ್ತೊಯ್ದರು. ಗುರುತು ಸಿಗಬಾರದೆಂದು ಸಿಸಿಟಿವಿಯ ಡಿವಿಆರ್ ಅನ್ನೂ ಕಿತ್ತುಕೊಂಡು ಹೋದರು. 2025ರ ಮಾರ್ಚ್ ಹೊತ್ತಿಗೆ ಪೊಲೀಸರು ಆರು ಮಂದಿಯನ್ನು ಹಿಡಿದಿದ್ದರು. ಚಿನ್ನದ ಬಹುಪಾಲು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ ಸಿಕ್ಕಿತು.

ಒಡವೆ ಕಳೆದುಕೊಂಡ ರೈತರನ್ನು ಆಗ ಯಾರೂ "ಬ್ಯಾಂಕಿನಲ್ಲಿ ಯಾಕ್ರೀ ಇಟ್ರಿ?" ಎಂದು ಕೇಳಲಿಲ್ಲ. ಕಾಯಬೇಕಾದದ್ದು ಬ್ಯಾಂಕು, ಹಿಡಿಯಬೇಕಾದದ್ದು ಪೊಲೀಸರು ಎಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಅದೇ ಬ್ಯಾಂಕಿನ ಅದೇ ಗ್ರಾಹಕರ ಖಾತೆಯಿಂದ ಫೋನಿನ ಮೂಲಕ 50 ಸಾವಿರ ಹೋಗಲಿ. ಕೌಂಟರಿನಲ್ಲಿ, ಠಾಣೆಯಲ್ಲಿ, ಮನೆಯಲ್ಲಿ ಕೇಳುವ ಮೊದಲ ಮಾತು "ಒಟಿಪಿ ಯಾಕ್ರೀ ಕೊಟ್ರಿ?" ಕಳೆದುಕೊಂಡವರು ತಾವೇ ಅಪರಾಧ ಮಾಡಿದಂತೆ ತಲೆ ತಗ್ಗಿಸುತ್ತಾರೆ. ಎಷ್ಟೋ ಜನ ಮನೆಯವರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಈ ನಾಚಿಕೆಯೇ ವಂಚಕರ ದೊಡ್ಡ ಬಂಡವಾಳ.

ಲೋಕಸಭೆಗೆ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ದೇಶದ ಜನ ಸೈಬರ್ ವಂಚನೆಗೆ ಕಳೆದುಕೊಂಡ ಹಣ 22,845 ಕೋಟಿ ರೂಪಾಯಿ. ಹಿಂದಿನ ವರ್ಷ ಅದು 7,465 ಕೋಟಿ ಇತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2023ರ ವರದಿಯಲ್ಲಿ ಸೈಬರ್ ಪ್ರಕರಣಗಳ ಸಂಖ್ಯೆಯಲ್ಲಿ ಇಡೀ ದೇಶಕ್ಕೆ ಕರ್ನಾಟಕವೇ ಮೊದಲು: 86,420ರಲ್ಲಿ 21,889 ನಮ್ಮವು. ಪ್ರಕರಣ ದಾಖಲಿಸುವ ರೂಢಿ ಇಲ್ಲಿ ಹೆಚ್ಚಿರುವುದೂ ಇದಕ್ಕೊಂದು ಕಾರಣವಿರಬಹುದು. ಆದರೂ ಇಷ್ಟು ಜನ ಒಂದೇ ಸಲ ಬುದ್ಧಿಗೇಡಿಗಳಾದರು ಎಂದು ಹೇಳಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಹಣ ಹೋಗುವ ಮೂರು ದಾರಿ

ಭದ್ರಾ ಅಚ್ಚುಕಟ್ಟಿನ ಹರಿಹರ ಸೀಮೆ ಭತ್ತದ ನಾಡು. ನಾಲೆಗೆ ನೀರು ಬಿಟ್ಟರೆ ನಾಟಿ, ಕೊಯ್ಲಾದರೆ ಕೈಗೆ ಕಾಸು. ಆ ಕಾಸು ಈಗ ಕೈಗೆ ಬರುವುದು ಕಡಿಮೆ, ಖಾತೆಗೆ ಬರುವುದೇ ಹೆಚ್ಚು. ಗೃಹಲಕ್ಷ್ಮಿಯ 2,000 ರೂಪಾಯಿ, ಪಿಎಂ ಕಿಸಾನ್ ಕಂತು, ಬೆಳೆವಿಮೆ, ಹಾಲಿನ ಬಟವಾಡೆ ಎಲ್ಲಕ್ಕೂ ಆಧಾರ್ ಜೋಡಿಸಿದ ಖಾತೆ ಬೇಕು, ಖಾತೆಗೊಂದು ಮೊಬೈಲ್ ನಂಬರ್ ಬೇಕು. ಈ ವ್ಯವಸ್ಥೆಯನ್ನು ಭಾನುವಳ್ಳಿಯವರು ಬೇಡಿ ತರಿಸಿಕೊಂಡದ್ದಲ್ಲ. ಸರ್ಕಾರ ಮತ್ತು ಬ್ಯಾಂಕುಗಳು ತಂದದ್ದು. ಆದ್ದರಿಂದ ಅದನ್ನು ಕಾಯುವ ಕೆಲಸದಲ್ಲೂ ತಂದವರ ಪಾಲಿರಬೇಕು.

ಹಣ ಹೋಗುವ ದಾರಿಗಳು ಹಲವು. ಅವುಗಳಲ್ಲಿ ಮೂರನ್ನು ಬಿಡಿಸಿ ನೋಡಿದರೆ ಹೊಣೆ ಯಾರದೆಂಬ ಪ್ರಶ್ನೆ ತಾನೇ ತಿಳಿಯಾಗುತ್ತದೆ.

ಮೊದಲನೆಯದು ಎಪಿಕೆ ಫೈಲ್. ವಾಟ್ಸ್ಆ್ಯಪ್‌ನಲ್ಲಿ ಆರ್‌ಟಿಒ ಚಲನ್, ಪಿಎಂ ಕಿಸಾನ್ ಪಟ್ಟಿ, ಮದುವೆ ಆಮಂತ್ರಣ ಎಂಬ ಹೆಸರಿನಲ್ಲಿ ಬರುತ್ತದೆ. ಒತ್ತಿದರೆ ಆ್ಯಪ್ ಇಳಿಯುತ್ತದೆ, ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಅನುಮತಿ ಸಿಕ್ಕಿತೋ, ಬ್ಯಾಂಕಿನಿಂದ ಬರುವ ಒಟಿಪಿ ನೇರವಾಗಿ ವಂಚಕನ ಕಡೆಗೆ ಹೋಗುತ್ತದೆ. ಫೋನಿನ ಮಾಲೀಕರು ಯಾರಿಗೂ ಒಟಿಪಿ ಹೇಳಿರುವುದಿಲ್ಲ. "ನಾನು ಕೊಟ್ಟೇ ಇಲ್ಲ" ಎಂದು ಅವರು ಅತ್ತುಕೊಂಡು ಹೇಳುವುದು ಬಹಳ ಸಲ ನಿಜವೇ ಆಗಿರುತ್ತದೆ.

ಎರಡನೆಯದರಲ್ಲಿ ಫೋನೂ ಬೇಡ. 2023ರಲ್ಲಿ ಮಂಗಳೂರು, ಬೆಂಗಳೂರು ಸೇರಿ ರಾಜ್ಯದ ಹಲವು ಕಡೆ ಜನರ ಖಾತೆಯಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋಯಿತು. ಜಮೀನು, ಮನೆ ನೋಂದಣಿ ಪತ್ರಗಳ ಮೇಲಿದ್ದ ಬೆರಳಚ್ಚನ್ನು ಕದ್ದು ಕೃತಕ ಅಚ್ಚು ಮಾಡಿಕೊಂಡಿದ್ದರು ಎಂಬುದು ಪೊಲೀಸರ ತನಿಖೆಯಲ್ಲಿ ಬಯಲಾಯಿತು. ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದೊಂದೇ ಆ ಖಾತೆದಾರರು ಮಾಡಿದ್ದು, ಅದೂ ಸರ್ಕಾರಿ ಕಚೇರಿಯಲ್ಲಿ, ಕಾನೂನು ಹೇಳಿದಂತೆ. ಒಟಿಪಿಯ ಮಾತೇ ಇಲ್ಲಿಲ್ಲ.

ಮೂರನೆಯದು ಡಿಜಿಟಲ್ ಅರೆಸ್ಟ್. ಪೊಲೀಸ್ ಸಮವಸ್ತ್ರ ತೊಟ್ಟವನು ವಿಡಿಯೊ ಕರೆಯಲ್ಲಿ ಬಂದು, ನಿಮ್ಮ ಆಧಾರ್ ಬಳಸಿ ಅಪರಾಧ ನಡೆದಿದೆ ಎಂದು ಹೆದರಿಸಿ, ಗಂಟೆಗಟ್ಟಲೆ ಕ್ಯಾಮೆರಾ ಮುಂದೆ ಕೂರಿಸಿ ಹಣ ಹಾಕಿಸಿಕೊಳ್ಳುತ್ತಾನೆ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿ ದೇಶಕ್ಕೆ ಕೇಳಿಸಿದ ಇಂಥ ಕರೆಯ ಧ್ವನಿಮುದ್ರಿಕೆ ವಿಜಯಪುರದ್ದು. ಅಲ್ಲಿನ ಯುವಕ ಹೆದರದೆ ರೆಕಾರ್ಡ್ ಮಾಡಿಕೊಂಡಿದ್ದ. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಯಾವ ಪೊಲೀಸರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಯಾವ ನ್ಯಾಯಾಲಯವೂ ವಾಟ್ಸ್ಆ್ಯಪ್‌ನಲ್ಲಿ ಜಾಮೀನಿಗೆ ಹಣ ಕೇಳುವುದಿಲ್ಲ.

ಕಾನೂನು ಬಂದ ಬಗೆ

ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಆಗ ಅದರ ಮುಖ್ಯ ಉದ್ದೇಶ ಕಳ್ಳರನ್ನು ಹಿಡಿಯುವುದಲ್ಲ, ಕಂಪ್ಯೂಟರಿನಲ್ಲಿ ಮಾಡಿಕೊಂಡ ಕರಾರಿಗೂ ಡಿಜಿಟಲ್ ಸಹಿಗೂ ಮಾನ್ಯತೆ ಕೊಡುವುದು. ಮರುವರ್ಷ, 2001ರಲ್ಲಿ, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಶುರುವಾಯಿತು. ಇಂದು ನಾವು ಬಳಸುವ ಬಹುತೇಕ ಕಲಂಗಳು ಹುಟ್ಟಿದ್ದು 2008ರ ತಿದ್ದುಪಡಿಯಲ್ಲಿ. ಮುಂಬೈ ದಾಳಿಯಾದ ಮರುತಿಂಗಳೇ ಸಂಸತ್ತು ಅದನ್ನು ಅವಸರದಲ್ಲಿ ಒಪ್ಪಿತು. ಜಾರಿಯಾದದ್ದು 2009ರ ಅಕ್ಟೋಬರ್‌ನಲ್ಲಿ.

ಬೇರೆಯವರ ಪಾಸ್‌ವರ್ಡ್, ಗುರುತು ಕದ್ದರೆ 66ಸಿ. ಕಂಪ್ಯೂಟರ್, ಫೋನ್ ಬಳಸಿ ಬೇರೊಬ್ಬರಂತೆ ನಟಿಸಿ ಮೋಸ ಮಾಡಿದರೆ 66ಡಿ. ಎರಡಕ್ಕೂ ಗರಿಷ್ಠ ಮೂರು ವರ್ಷ ಜೈಲು, ಒಂದು ಲಕ್ಷದವರೆಗೆ ದಂಡ. ಸೈಬರ್ ಭಯೋತ್ಪಾದನೆಗೆ 66ಎಫ್, ಜೀವಾವಧಿಯವರೆಗೆ ಶಿಕ್ಷೆ. ಹರಿತವಾಗಿ ಕಾಣುವ ಈ ಕಾಯ್ದೆಯ ಮಧ್ಯದಲ್ಲೇ ಒಂದು ಸಡಿಲ ಗಂಟಿದೆ: 77ಬಿ ಪ್ರಕಾರ ಮೂರು ವರ್ಷದ ಶಿಕ್ಷೆಯಿರುವ ಅಪರಾಧಗಳು ಜಾಮೀನು ಸಿಗುವಂಥವು. ಒಬ್ಬ ವಿಧವೆಯ ಜೀವಮಾನದ ಉಳಿತಾಯ ದೋಚಿದವನು ಬರೀ 66ಡಿ ಅಡಿಯಲ್ಲಿ ಸಿಕ್ಕಿಬಿದ್ದರೆ ಠಾಣೆಯಿಂದಲೇ ಹೊರಬರಬಹುದು.

ಅದಕ್ಕಾಗಿಯೇ ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ ಕಲಂಗಳನ್ನು ಜೊತೆಗೆ ಹಾಕುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 318(4)ನೇ ಕಲಂ ವಂಚನೆಗೆ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. 111ನೇ ಕಲಂ ಸಂಘಟಿತ ಅಪರಾಧದ ಪಟ್ಟಿಗೆ ಸೈಬರ್ ಅಪರಾಧವನ್ನೂ ಸೇರಿಸಿದೆ. ಅದರಲ್ಲಿ ಕನಿಷ್ಠ ಐದು ವರ್ಷ, ಜೀವಾವಧಿಯವರೆಗೂ ಶಿಕ್ಷೆಯಾಗಬಹುದು. 2025ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ನ್ಯಾಯಾಲಯ ಡಿಜಿಟಲ್ ಅರೆಸ್ಟ್ ಪ್ರಕರಣವೊಂದರಲ್ಲಿ ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದೇ ವರ್ಷ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್, ಹರಿಯಾಣದ ಅಂಬಾಲದ ವೃದ್ಧ ದಂಪತಿಯ ಪತ್ರದಿಂದ ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ, ದೇಶದ ಡಿಜಿಟಲ್ ಅರೆಸ್ಟ್ ಜಾಲದ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಹಳ್ಳಿಯವರಿಗೆ ತೊಡಕಾಗುವ ಇನ್ನೊಂದು ನಿಯಮ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 78ನೇ ಕಲಂ. ಈ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು. ಸಬ್ ಇನ್‌ಸ್ಪೆಕ್ಟರ್ ಇರುವ ಠಾಣೆಯಲ್ಲಿ "ಇದು ನಮ್ಮಲ್ಲಿ ಆಗಲ್ಲ, ದಾವಣಗೆರೆ ಸಿಇಎನ್ ಠಾಣೆಗೆ ಹೋಗಿ" ಎನ್ನುವ ಮಾತಿನ ಬೇರು ಇಲ್ಲಿದೆ (ಸಿಇಎನ್ ಎಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆ). ಆದರೆ ತನಿಖೆ ಬೇರೆ, ದೂರು ದಾಖಲಿಸಿಕೊಳ್ಳುವುದು ಬೇರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ಮಾಹಿತಿ ಕೊಡಬಹುದು. ಇಂಟರ್ನೆಟ್ ಮೂಲಕವೂ ಕೊಟ್ಟು ಮೂರು ದಿನದೊಳಗೆ ಹೋಗಿ ಸಹಿ ಹಾಕಬಹುದು. ಹರಿಹರದ ಠಾಣೆ ದೂರು ಪಡೆದು ಮುಂದೆ ಕಳಿಸಬೇಕೇ ಹೊರತು, ಗಾಬರಿಯಾದವರನ್ನು ಬಸ್ಸು ಹತ್ತಿಸಬಾರದು.

1930: ಮೊದಲ ಗಂಟೆಯ ಬೆಲೆ

ಕದ್ದ ಚಿನ್ನ ಬಾವಿಯಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಕದ್ದ ಡಿಜಿಟಲ್ ಹಣ ಕೂರುವುದಿಲ್ಲ. ಮೊದಲ ಖಾತೆಯಿಂದ ನಿಮಿಷಗಳಲ್ಲಿ ಐದಾರು ಖಾತೆಗೆ ಒಡೆಯುತ್ತದೆ, ಅಲ್ಲಿಂದ ಎಟಿಎಂ, ಚಿನ್ನದಂಗಡಿ, ಕ್ರಿಪ್ಟೊ ಎಂದು ಚೆದುರುತ್ತದೆ. ಕೊನೆಯ ತುದಿ ಎಷ್ಟೋ ಸಲ ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ನ ವಂಚನಾ ಕೇಂದ್ರಗಳಲ್ಲಿರುತ್ತದೆ. ಅಲ್ಲಿ ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದು, ಬೆದರಿಕೆಗೆ ಬಗ್ಗಿ ಫೋನ್ ಮಾಡುವ ಭಾರತೀಯ ಯುವಕರೂ ಇದ್ದಾರೆ. ಐಟಿ ಕಾಯ್ದೆಯ 75ನೇ ಕಲಂ ಭಾರತದ ಕಂಪ್ಯೂಟರಿನ ಮೇಲೆ ವಿದೇಶದಿಂದ ನಡೆಸಿದ ಅಪರಾಧಕ್ಕೂ ಅನ್ವಯಿಸುತ್ತದೆ. ಆದರೆ ಕಲಂ ಗಡಿ ದಾಟಿದಷ್ಟು ಸುಲಭವಾಗಿ ಪೊಲೀಸರು ದಾಟಲಾರರು. ಸೈಬರ್ ಅಪರಾಧ ಕುರಿತ 2001ರ ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಹಾಗಾಗಿ ಹಣ ದೇಶದೊಳಗಿನ ಖಾತೆಯಲ್ಲಿ ಇರುವಾಗಲೇ ತಡೆಯಬೇಕು. ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2021ರಲ್ಲಿ ಇದಕ್ಕೊಂದು ವ್ಯವಸ್ಥೆ ಕಟ್ಟಿತು. 1930ಕ್ಕೆ ಕರೆ ಮಾಡಿ ಖಾತೆ ಸಂಖ್ಯೆ, ವಹಿವಾಟಿನ ಸಂಖ್ಯೆ, ಸಮಯ ಹೇಳಿದರೆ ಆ ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ಒಟ್ಟಿಗೆ ಹೋಗುತ್ತದೆ. ಹಣ ಯಾವ ಖಾತೆಯಲ್ಲಿದೆಯೋ ಅಲ್ಲೇ ಹಿಡಿದಿಡುತ್ತಾರೆ, ಮುಂದೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸುಳಿವು ಕೊಡುತ್ತಾರೆ. 2025ರ ಜುಲೈವರೆಗೆ ಹೀಗೆ ಉಳಿದ ಹಣ 5,489 ಕೋಟಿ ರೂಪಾಯಿ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿದೆ. ಶುರುವಾದಾಗಿನಿಂದ ಉಳಿಸಿದ್ದೆಲ್ಲ ಸೇರಿದರೂ 2024 ಒಂದೇ ವರ್ಷ ಕಳೆದುದರ ಕಾಲುಭಾಗದಷ್ಟು.

ತಡೆಹಿಡಿದ ಹಣ ತಾನಾಗಿ ವಾಪಸ್ ಬರುವುದಿಲ್ಲ. ಸಾಮಾನ್ಯವಾಗಿ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿಯಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬೇಕು. ಸಣ್ಣ ಮೊತ್ತ ಕಳೆದುಕೊಂಡ ಎಷ್ಟೋ ಜನ ವಕೀಲರ ಫೀಸಿಗೆ ಅಂಜಿ ಸುಮ್ಮನಾಗಿದ್ದಾರೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು ಎಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಲು ಗೃಹಲಕ್ಷ್ಮಿ ಹಣ ಕಳೆದುಕೊಂಡ ಹೆಣ್ಣುಮಗಳಿಗೆ ಪೂರ್ತಿ ಹಕ್ಕಿದೆ.

ಬ್ಯಾಂಕಿನ ಪಾಲು

ಈ ಇಡೀ ಕಥೆಯಲ್ಲಿ ಅತಿ ಮುಖ್ಯವಾದ, ಅತಿ ಕಡಿಮೆ ಜನಕ್ಕೆ ಗೊತ್ತಿರುವ ಕಾಗದ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದ್ದೇ ಸುತ್ತೋಲೆ ಬಂತು. ಅದು ಹೇಳುವುದಿಷ್ಟು:

ತಪ್ಪು ಬ್ಯಾಂಕಿನದಾಗಿದ್ದರೆ ಗ್ರಾಹಕರು ಒಂದು ಪೈಸೆಯೂ ಹೊರಬೇಕಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಸೋರಿದೆ ಎಂದಾದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರ ನಷ್ಟ ಸೊನ್ನೆ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ನಷ್ಟಕ್ಕೆ ಮಿತಿಯುಂಟು. ಸಾದಾ ಉಳಿತಾಯ ಖಾತೆಗೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಗೆ 5,000. ದೂರು ಬಂದ ಹತ್ತು ಕೆಲಸದ ದಿನದೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನದೊಳಗೆ ದೂರು ಇತ್ಯರ್ಥ ಮಾಡಬೇಕು. ಬೆರಳಚ್ಚು ಕದ್ದ ಪ್ರಕರಣಗಳಲ್ಲಿ ಖಾತೆದಾರರು ಕೌಂಟರಿನಲ್ಲಿ ಎತ್ತಿ ಹೇಳಬೇಕಾದ ಮಾತು ಇದು.

ಹಾಗಾದರೆ ಒಟಿಪಿ ಕೊಟ್ಟವರ ಗತಿ? ಅವರ ಅಜಾಗ್ರತೆಯಿಂದ ಆದ ನಷ್ಟ ಅವರದೇ ಎಂದು ಸುತ್ತೋಲೆ ಹೇಳುತ್ತದೆ. ಆದರೆ ಬ್ಯಾಂಕಿಗೆ ತಿಳಿಸುವವರೆಗೆ ಮಾತ್ರ. ತಿಳಿಸಿದ ಮೇಲೆ ಹೋಗುವ ಪ್ರತಿ ರೂಪಾಯಿಯೂ ಬ್ಯಾಂಕಿನ ನಷ್ಟ. ಗ್ರಾಹಕರು ಅಜಾಗ್ರತೆ ಮಾಡಿದರು ಎಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೆಯೇ ಇದೆ. "ಒಟಿಪಿ ಹೋಗಿದೆ, ಅಂದರೆ ನೀವೇ ಕೊಟ್ಟಿದ್ದೀರಿ" ಎಂಬ ಮಾತು ಊಹೆಯೇ ಹೊರತು ಸಾಕ್ಷಿಯಲ್ಲ.

ಇದು ಬರೀ ಕಾಗದದ ಮಾತಲ್ಲ. ಗುವಾಹಟಿಯ ಗ್ರಾಹಕರೊಬ್ಬರು 2021ರಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆ ಹಿಂದಿರುಗಿಸಲು ಹೋಗಿ, ಕಸ್ಟಮರ್ ಕೇರ್ ಎಂದು ನಂಬಿಸಿದವನ ಮಾತಿನಂತೆ ಆ್ಯಪ್ ಇಳಿಸಿಕೊಂಡು 94,204 ರೂಪಾಯಿ ಕಳೆದುಕೊಂಡರು. ದಿನದೊಳಗೆ ಬ್ಯಾಂಕಿಗೆ ತಿಳಿಸಿದರು. ಸ್ಟೇಟ್ ಬ್ಯಾಂಕು ಹೊಣೆ ಒಪ್ಪದೆ ಗೌಹಾಟಿ ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 3ರಂದು ಅಲ್ಲಿಯೂ ಸೋತಿತು. ಅಕ್ರಮ ವಹಿವಾಟು ಪತ್ತೆ ಮಾಡುವ ತಂತ್ರಜ್ಞಾನ ಬ್ಯಾಂಕುಗಳ ಕೈಲಿದೆ, ಅವು ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಬ್ಯಾಂಕು ಕೇಳದಿದ್ದರೆ 30 ದಿನ ನೋಡಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448.

ಸುತ್ತೋಲೆಯ ವ್ಯಾಪ್ತಿ ಮುಗಿಯುವುದು ಡಿಜಿಟಲ್ ಅರೆಸ್ಟ್ ಹತ್ತಿರ. ಅಲ್ಲಿ ಹೆದರಿದವರು ತಾವೇ ಹಣ ಕಳಿಸಿರುತ್ತಾರೆ. 'ಅನಧಿಕೃತ ವಹಿವಾಟು' ಎಂಬ ವ್ಯಾಖ್ಯೆಯೊಳಗೆ ಅದು ಬರುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಇಂಥ ಮೋಸದ ಪಾವತಿಗೂ 85 ಸಾವಿರ ಪೌಂಡ್‌ವರೆಗೆ ಬ್ಯಾಂಕುಗಳು ಹಣ ಹಿಂದಿರುಗಿಸಬೇಕು. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ. ವಂಚಕನ ಖಾತೆ ಸಾಕಿದ ಬ್ಯಾಂಕಿಗೂ ಅಲ್ಲಿ ಬಿಸಿ ತಟ್ಟುತ್ತದೆ. ಸಿಂಗಪುರ 2025ರಲ್ಲಿ ತಂದ ಕಾಯ್ದೆಯಡಿ, ವಂಚಕನ ಮಾತಿಗೆ ಮರುಳಾಗಿ ಹಣ ಕಳಿಸಲು ಹಟ ಹಿಡಿದವರ ಖಾತೆಗೆ ಪೊಲೀಸರೇ ತಾತ್ಕಾಲಿಕ ತಡೆ ಹಾಕಬಹುದು. ನಿವೃತ್ತ ಮೇಷ್ಟರೊಬ್ಬರು ಒಂದೇ ದಿನ ಠೇವಣಿಯನ್ನೆಲ್ಲ ಮುರಿದು ಗೊತ್ತಿಲ್ಲದ ಖಾತೆಗೆ ಹಾಕಲು ಬಂದಾಗ ಕೌಂಟರಿನವರು ಎರಡು ಪ್ರಶ್ನೆ ಕೇಳಬೇಕು ಎಂಬ ನಿಯಮ ನಮಗೂ ಬೇಕು.

ಬಾಡಿಗೆ ಖಾತೆಯ ಉರುಳು

ಹಳ್ಳಿಯ ಹುಡುಗರು ಈ ಜಾಲದಲ್ಲಿ ಕಳೆದುಕೊಳ್ಳುವವರಾಗಿ ಮಾತ್ರ ಇಲ್ಲ. "ನಿನ್ನ ಖಾತೆ, ಎಟಿಎಂ ಕಾರ್ಡು, ಸಿಮ್ಮು ಕೊಡು, ಬರುವ ಹಣದಲ್ಲಿ ಕಮಿಷನ್ ನಿನ್ನದು" ಎಂದು ಗೆಳೆಯನ ಗೆಳೆಯ ಬರುತ್ತಾನೆ. ಕೆಲಸ ಹುಡುಕುತ್ತಿರುವ ಪದವೀಧರನಿಗೆ ಅದು ಸುಲಭದ ದುಡ್ಡಾಗಿ ಕಾಣುತ್ತದೆ. ಪೊಲೀಸರು ಇದನ್ನು ಮ್ಯೂಲ್ ಖಾತೆ ಎನ್ನುತ್ತಾರೆ. ಎಲ್ಲಿಂದಲೋ ಕದ್ದ ಹಣ ಆ ಖಾತೆಗೆ ಬಿದ್ದ ದಿನವೇ ಅವನ ಹೆಸರು ಬೇರೆ ರಾಜ್ಯದ ಎಫ್‌ಐಆರ್‌ನಲ್ಲಿ ಬರುತ್ತದೆ. ಮೇಲಿನ ತುದಿಯವನು ಕಾಣುವುದಿಲ್ಲ, ಖಾತೆ ಕೊಟ್ಟವನ ವಿಳಾಸ ಬ್ಯಾಂಕಿನಲ್ಲಿರುತ್ತದೆ. ಮೋಸದಿಂದ ಸಿಮ್ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ಅಥವಾ 50 ಲಕ್ಷದವರೆಗೆ ದಂಡ ಉಂಟು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು.

ಇನ್ನೊಂದು ಕಡೆ ನಿರಪರಾಧಿಗಳೂ ನರಳುತ್ತಾರೆ. ದಿನಸಿ ಅಂಗಡಿಯವರು ಕ್ಯೂಆರ್ ಕೋಡ್‌ನಲ್ಲಿ 300 ರೂಪಾಯಿ ಪಡೆದಿರುತ್ತಾರೆ. ಅದು ಕದ್ದ ಹಣದ ತುಣುಕು ಎಂದು ಯಾವುದೋ ರಾಜ್ಯದ ಪೊಲೀಸರು ಪತ್ರ ಬರೆದರೆ ಇಡೀ ಖಾತೆ ಫ್ರೀಜ್. ಮಾಲಿಗೆ ಹಣ ಕಟ್ಟಲಾಗದೆ ವ್ಯಾಪಾರವೇ ನಿಲ್ಲುತ್ತದೆ. ಪೂರ್ತಿ ಖಾತೆ ಮುಚ್ಚುವಂತಿಲ್ಲ, ಅನುಮಾನದ ಮೊತ್ತವನ್ನು ಮಾತ್ರ ತಡೆಹಿಡಿಯಬೇಕು ಎಂದು ಮದ್ರಾಸ್ ಹೈಕೋರ್ಟ್ 2024ರಲ್ಲಿ ಹೇಳಿತು. ಆ ತೀರ್ಪಿನ ಪ್ರತಿ ಹಿಡಿದು ಬ್ಯಾಂಕಿಗೆ ಹೋಗುವಷ್ಟು ತಿಳಿವಳಿಕೆ ಮತ್ತು ಬಿಡುವು ಎಷ್ಟು ಅಂಗಡಿಯವರಿಗಿದೆ?

ಕೋಟೆ ಕಾಯುವವರು

ಇಲ್ಲಿಯವರೆಗಿನದು ಖಾತೆಯ ಮಾತು. ಸೈಬರ್ ರಕ್ಷಣೆಯ ಕಾನೂನು ಅದಕ್ಕಿಂತ ದೊಡ್ಡದು. ಜನರ ಮಾಹಿತಿ, ವಿದ್ಯುತ್, ಬ್ಯಾಂಕು ನಡೆಸುವ ಕಂಪ್ಯೂಟರುಗಳನ್ನು ಕಾಯುವುದೂ ಅದರ ಕೆಲಸ.

ಐಟಿ ಕಾಯ್ದೆಯ 70ಬಿ ಕಲಂ ಈ ಹೊಣೆಯನ್ನು ಸರ್ಟ್-ಇನ್ ಸಂಸ್ಥೆಗೆ ಕೊಟ್ಟಿದೆ. 2022ರ ಏಪ್ರಿಲ್ 28ರ ಅದರ ಆದೇಶದಂತೆ ಕಂಪನಿಯಾಗಲಿ ಸರ್ಕಾರಿ ಕಚೇರಿಯಾಗಲಿ ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರಿನ ಲಾಗ್‌ಗಳನ್ನು 180 ದಿನ ದೇಶದಲ್ಲೇ ಇಟ್ಟಿರಬೇಕು. ಯುರೋಪಿನ ದತ್ತಾಂಶ ಕಾನೂನು ಮಾಹಿತಿ ಸೋರಿಕೆ ತಿಳಿಸಲು ಕೊಡುವ ಅವಧಿ 72 ಗಂಟೆ. ನಮ್ಮದು ಬಹಳ ಬಿಗಿ. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿವರೆಗೆ ದಂಡ. ವಿದ್ಯುತ್, ಬ್ಯಾಂಕಿಂಗ್, ದೂರಸಂಪರ್ಕ, ಸಾರಿಗೆಯಂಥ ಆಯಕಟ್ಟಿನ ವ್ಯವಸ್ಥೆಗಳನ್ನು ನೋಡಿಕೊಳ್ಳಲು 2014ರಿಂದ ಎನ್‌ಸಿಐಐಪಿಸಿ ಎಂಬ ಪ್ರತ್ಯೇಕ ಸಂಸ್ಥೆಯಿದೆ. 'ಸಂರಕ್ಷಿತ ವ್ಯವಸ್ಥೆ' ಎಂದು ಘೋಷಿಸಿದ ಕಂಪ್ಯೂಟರಿಗೆ ಕೈಹಾಕಿದವರಿಗೆ 70ನೇ ಕಲಂನಲ್ಲಿ ಹತ್ತು ವರ್ಷದವರೆಗೆ ಶಿಕ್ಷೆ.

ನಿಯಮ ಬಿಗಿಯಾಗಿದ್ದರೂ ಕೋಟೆಯ ಗೋಡೆ ಹಲವು ಕಡೆ ಬಿರುಕು ಬಿಟ್ಟಿದೆ. 2018ರಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಹ್ಯಾಕರ್‌ಗಳು ಮೂರು ದಿನದಲ್ಲಿ 94 ಕೋಟಿ ದೋಚಿದರು. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ ಕನ್ನ ಬಿದ್ದು, ಗುತ್ತಿಗೆದಾರರ ಠೇವಣಿಯಲ್ಲಿ 11 ಕೋಟಿಗೂ ಹೆಚ್ಚು ಹಣ ಬೇರೆ ಖಾತೆಗಳಿಗೆ ಹೋಯಿತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ ದಾಳಿಗೆ ಸಿಕ್ಕು ದಿನಗಟ್ಟಲೆ ಕಾಗದ-ಪೆನ್ನಿಗೆ ಮರಳಿತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಯ ಮೇಲೆ ದಾಳಿಯಾದಾಗ ದೇಶದ ಸುಮಾರು 300 ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ನಿಂತುಹೋಯಿತು. ಈ ಯಾವ ಪ್ರಕರಣದಲ್ಲೂ ಒಟಿಪಿ ಕೊಟ್ಟ ರೈತನಿರಲಿಲ್ಲ. ಬಾಗಿಲು ತೆರೆದಿಟ್ಟವರು ಸಂಸ್ಥೆಗಳೇ.

ದಾವಣಗೆರೆಗೂ ಇದು ದೂರದ ಮಾತಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ದಾವಣಗೆರೆ ಇತ್ತು. ಕ್ಯಾಮೆರಾಗಳು, ಕಮಾಂಡ್ ಸೆಂಟರ್ ಬಂದವು. ನಗರದ ಕುಡಿಯುವ ನೀರಿನ ಒಂದು ಪಾಲು ಬರುವುದು ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಜಲಸಿರಿ ಯೋಜನೆ ದಾವಣಗೆರೆ, ಹರಿಹರ ಎರಡೂ ಊರಿನ ನೀರು ಪೂರೈಕೆಯನ್ನು ಹೊಸದಾಗಿಸಲು ಹೊರಟಿದೆ. ಪಂಪು, ವಾಲ್ವು, ಮೀಟರುಗಳು ಕಂಪ್ಯೂಟರಿಗೆ ಜೋಡಿಸಿಕೊಳ್ಳುತ್ತಾ ಹೋದಂತೆ ಕಾವಲೂ ಜೊತೆಗೆ ಬರಬೇಕು. 2015ರ ಡಿಸೆಂಬರ್‌ನಲ್ಲಿ ಉಕ್ರೇನಿನ ವಿದ್ಯುತ್ ಕಂಪನಿಗಳ ಕಂಪ್ಯೂಟರಿಗೆ ನುಗ್ಗಿದವರು ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರ ಮನೆ ಕತ್ತಲು ಮಾಡಿದ್ದರು. ಪಾಲಿಕೆಯ ಟೆಂಡರಿನಲ್ಲಿ ಪೈಪಿನ ದಪ್ಪ ಬರೆಯುವಷ್ಟೇ ಕಡ್ಡಾಯವಾಗಿ ಸೈಬರ್ ಆಡಿಟ್ ಷರತ್ತನ್ನೂ ಬರೆಯಬೇಕು.

ಕನ್ನಡಿಗ ನ್ಯಾಯಮೂರ್ತಿ ತೆರೆದ ಬಾಗಿಲು

ನಮ್ಮ ಮಾಹಿತಿ ನಮ್ಮದು ಎಂಬ ಹಕ್ಕಿಗೆ ದೇಶದಲ್ಲಿ ನೆಲೆ ಕೊಡಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆ ಪ್ರಶ್ನಿಸಿ 2012ರಲ್ಲಿ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ವಯಸ್ಸು 86. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿನ ಹಾದಿಯಲ್ಲೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಮುಖ್ಯ ಹೊಣೆಗಳು ಜಾರಿಯಾಗುವುದು ಅಲ್ಲಿಂದ 18 ತಿಂಗಳ ಮೇಲೆ.

ಜನರ ಮಾಹಿತಿ ಇಟ್ಟುಕೊಂಡವರು ಅದನ್ನು ಕಾಯದೆ ಸೋರಬಿಟ್ಟರೆ 250 ಕೋಟಿ ರೂಪಾಯಿವರೆಗೆ ದಂಡ. ಸೋರಿದ್ದನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ, ಮಾಹಿತಿಯ ಒಡೆಯರಾದ ಪ್ರತಿಯೊಬ್ಬರಿಗೂ ತಿಳಿಸಲೇಬೇಕು. ಒಳ್ಳೆಯ ಮಾತು. ಆದರೆ ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಮಾಹಿತಿ ಕಳೆದುಕೊಂಡವರಿಗಲ್ಲ. ಪರಿಹಾರ ಕೇಳಲು ಇದ್ದ ಐಟಿ ಕಾಯ್ದೆಯ 43ಎ ಕಲಂ ಅನ್ನೂ ಹೊಸ ಕಾಯ್ದೆ ತೆಗೆದುಹಾಕುತ್ತದೆ. ನೊಂದವರ ಕೈಗೆ ಬರಬೇಕಾದದ್ದನ್ನು ಕಾನೂನೇ ಕಸಿದುಕೊಂಡಂತಾಯಿತು. ಇದನ್ನು ತಿದ್ದಬೇಕೆಂದು ಕೇಳಲು ಇನ್ನೂ ಸಮಯವಿದೆ.

ಹಣ ಹೋದ ತಕ್ಷಣ ಮಾಡಬೇಕಾದ್ದು

• 1930ಕ್ಕೆ ಕರೆ ಮಾಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು.
• ಬ್ಯಾಂಕಿಗೆ ಫೋನಿನಲ್ಲಷ್ಟೇ ಹೇಳಿ ಸುಮ್ಮನಾಗಬೇಡಿ. ಬರಹದಲ್ಲಿ ಕೊಟ್ಟು, ದಿನಾಂಕ ಮತ್ತು ಮೊಹರಿನ ಸ್ವೀಕೃತಿ ಪಡೆಯಿರಿ. ಮೂರು ಕೆಲಸದ ದಿನದ ಲೆಕ್ಕ ನೆನಪಿರಲಿ.
• ಫೋನನ್ನು ಫಾರ್ಮ್ಯಾಟ್ ಮಾಡಬೇಡಿ, ಸಂದೇಶ ಅಳಿಸಬೇಡಿ. ಇಂಟರ್ನೆಟ್ ಸಂಪರ್ಕ ತೆಗೆದಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ವಿದ್ಯುನ್ಮಾನ ಸಾಕ್ಷ್ಯ ಅದರಲ್ಲೇ ಇದೆ.
• ಹತ್ತಿರದ ಠಾಣೆಯಲ್ಲೇ ದೂರು ಕೊಡಿ. ಪ್ರತಿ ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು.
• ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಡಿ. ಬೇಕಾದಾಗ ತೆರೆದುಕೊಳ್ಳಬಹುದು.

ಇನ್ನು ಆಗಬೇಕಾದ್ದು

2025ರ ಏಪ್ರಿಲ್‌ನಲ್ಲಿ ಕಂಪನಿಯೊಂದರ ದತ್ತಾಂಶ ಕಳವಿನ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸೈಬರ್ ಕಮಾಂಡ್ ಕೇಂದ್ರವನ್ನು ಕಾಗದದಿಂದ ಕೆಲಸಕ್ಕೆ ಇಳಿಸಿ ಎಂದರು. ಆ ವರ್ಷವೇ ಸರ್ಕಾರ ಡಿಜಿಪಿ ದರ್ಜೆಯ ಅಧಿಕಾರಿಯ ಕೈಗೆ ಸೈಬರ್ ಕಮಾಂಡ್ ಕೊಟ್ಟಿತು. ಸಿಇಎನ್ ಠಾಣೆಗಳು ಅದರಡಿ ಬಂದವು. ಅದಕ್ಕೂ ಮುಂಚೆ, 2024ರ ಆಗಸ್ಟ್‌ನಲ್ಲಿ, ರಾಜ್ಯ ತನ್ನದೇ ಸೈಬರ್ ಭದ್ರತಾ ನೀತಿ ಹೊರತಂದಿತ್ತು. ಬೆಂಗಳೂರಿನಲ್ಲಿ ಕಟ್ಟಡ, ಹುದ್ದೆ, ನೀತಿ ಎಲ್ಲ ಸಿದ್ಧವಾಗುತ್ತಿವೆ. ಜಿಲ್ಲೆಗೊಂದು ಠಾಣೆಯಲ್ಲಿ ಸೈಬರ್, ಆರ್ಥಿಕ, ಮಾದಕ ವಸ್ತು ಮೂರೂ ಪ್ರಕರಣಗಳನ್ನು ಬೆರಳೆಣಿಕೆಯ ಸಿಬ್ಬಂದಿ ಹೊತ್ತು ಕೂತಿರುವವರೆಗೆ ಅವುಗಳ ಫಲ ತಾಲ್ಲೂಕಿಗೆ ಇಳಿಯುವುದು ಕಷ್ಟ.

ಜಾಗೃತಿ ಕಾರ್ಯಕ್ರಮಗಳು ಬೇಕು, ನಡೆಯುತ್ತಲೂ ಇವೆ. ಆದರೆ ಅವುಗಳ ಪೋಸ್ಟರುಗಳಲ್ಲಿ "ಒಟಿಪಿ ಹಂಚಿಕೊಳ್ಳಬೇಡಿ" ಎಂಬ ಸಾಲು ದೊಡ್ಡದಾಗಿರುತ್ತದೆ, "ಮೂರು ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆಯಾಗಬಹುದು" ಎಂಬ ಸಾಲು ಇರುವುದೇ ಇಲ್ಲ. ಎಚ್ಚರ ಹೇಳುವವರು ಹಕ್ಕನ್ನೂ ಹೇಳಬೇಕು. ಎಲ್ಲ ಬ್ಯಾಂಕು ಶಾಖೆಗಳೂ ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯ ಸಾರವನ್ನು ಕನ್ನಡದಲ್ಲಿ, ಕೌಂಟರಿನ ಎದುರು ಹಾಕಲಿ. ಎಲ್ಲ ಠಾಣೆಗಳಲ್ಲೂ 1930ಕ್ಕೆ ಕರೆ ಮಾಡಿಕೊಟ್ಟು ಪಕ್ಕದಲ್ಲಿ ನಿಲ್ಲುವ ಒಬ್ಬರು ಇರಲಿ. ಒಂಬುಡ್ಸ್‌ಮನ್‌ಗೆ ಬರೆಯುವ ಅರ್ಜಿಯ ಕನ್ನಡ ನಮೂನೆ ಗ್ರಾಮ ಪಂಚಾಯಿತಿಯಲ್ಲಿ ಸಿಗಲಿ.

ಓದುಗರಲ್ಲಿ ಒಂದು ಮನವಿ. ಮುಂದಿನ ಗ್ರಾಮಸಭೆಯಲ್ಲಿ, ಅದು ಭಾನುವಳ್ಳಿಯದಿರಲಿ ನಿಮ್ಮೂರಿನದಿರಲಿ, ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ವಿಷಯಪಟ್ಟಿಗೆ ಸೇರಿಸಿ. ಬ್ಯಾಂಕ್ ಮ್ಯಾನೇಜರ್ ಮತ್ತು ಠಾಣಾಧಿಕಾರಿಯನ್ನು ಕರೆಸಿ, ಹಣ ಹೋದರೆ ನಿಮ್ಮ ಕೆಲಸವೇನು ಎಂದು ಎಲ್ಲರೆದುರು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಒಟಿಪಿ ಕೊಟ್ಟವರದ್ದು ತಪ್ಪಿರಬಹುದು, ಆದರೆ ಅವರೊಬ್ಬರದ್ದೇ ತಪ್ಪು ಎಂದು ಕಾನೂನು ಎಲ್ಲೂ ಹೇಳಿಲ್ಲ.